ಪೆನ್ಸಿಲ್ ಕಚ್ಚಿದ ನಿರ್ದೇಶಕಿ

ಮಾರ್ಚ್ 4

ಪ್ರೀತಿಯ ಅಮ್ಮ,

ಮೊದಲು ಸುದ್ದಿ, ಆಮೇಲೆ ಉಳಿದದ್ದು. ಧಾರಾವಾಹಿಯಲ್ಲಿ ನಾನು ಸತ್ತೆ. ಇಷ್ಟು ವರ್ಷ ಮೂವರು ಸೊಸೆಯಂದಿರ ಹೊಟ್ಟೆ ಉರಿಸಿದ ಅತ್ತೆ ಕೊನೆಗೆ ಒಂದು ಬಾಳೆಹಣ್ಣಿನ ಸಿಪ್ಪೆಗೆ ಸೋತು ಮೆಟ್ಟಿಲಿನಿಂದ ಉರುಳಿಹೋದಳು. ಟಿವಿಯಲ್ಲಿ ನೋಡಿ ನೀನೂ ಚಿಕ್ಕಮ್ಮನೂ ಗಾಬರಿಯಾಗಬೇಡಿ. ನಾನೇ ಕೇಳಿಕೊಂಡು ಸತ್ತದ್ದು.

ಕಾರಣವಿದೆ. ನಾನೊಂದು ನಾಟಕ ಮಾಡುತ್ತಿದ್ದೇನೆ ಅಮ್ಮ, ಟಿವಿಗೆ, ಹದಿಮೂರು ಕಂತಿನದು. ನಟಿಸುವುದಲ್ಲ, ಮಾಡುವುದು. ಬರೆದದ್ದು ನಾನು, ನಿರ್ದೇಶನ ನನ್ನದು, ನಿರ್ಮಾಣವೂ ನನ್ನ ತಲೆಯ ಮೇಲೇ. ಇಷ್ಟು ಕಾಲ ಬಿಸಿಲು ಬಿದ್ದರೆ ತಲೆಯ ಮೇಲೆ ಕೊಡೆ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದುಕೊಂಡಿದ್ದೆ. ಈಗ ಕೊಡೆ ಎಲ್ಲಿಂದ ತರಿಸಬೇಕು, ಹಿಡಿಯುವವರು ಯಾರು, ಅವರಿಗೆ ಊಟ ಎಷ್ಟು ಹೊತ್ತಿಗೆ, ಎಲ್ಲವನ್ನೂ ನಾನೇ ನೋಡಬೇಕು. ಮುಚ್ಚಿಹೋದ ಒಂದು ಹಳೆಯ ಶಾಲೆಯನ್ನು ಬಾಡಿಗೆಗೆ ಹಿಡಿದಿದ್ದೇನೆ. ಈ ವಾರವೆಲ್ಲಾ ಅಲ್ಲಿನ ಶೌಚಾಲಯದ ನಲ್ಲಿ ರಿಪೇರಿ ಮಾಡಿಸುವುದರಲ್ಲೇ ಕಳೆಯಿತು. ಕಲೆ ಎಂದರೆ ಇದೇ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ?

ಚಾನೆಲ್ಲಿನ ದೊಡ್ಡವರು ಸುಲಭಕ್ಕೆ ಬಗ್ಗಲಿಲ್ಲ. "ಮೇಡಂ, ನಿಮ್ಮ ಮುಖ ನೋಡೋಕೆ ಜನ ಇದಾರೆ. ಮುಖಾನೇ ಮರೆ ಮಾಡ್ಕೊಂಡು ಕೂತ್ರೆ ಯಾರು ನೋಡ್ತಾರೆ?" ಎಂದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೊದಲು ಮೂರು ಕಂತು ಮಾಡಿ ತೋರಿಸಬೇಕು. ಅವರಿಗೆ ಹಿಡಿಸಿದರೆ ಉಳಿದ ಹತ್ತು ನನಗೆ. ಹಿಡಿಸದಿದ್ದರೆ ಕಥೆ ಅವರದು, ನಿರ್ದೇಶನ ಬೇರೆಯವರದು, ಮುಖ್ಯ ಪಾತ್ರ ನಾನೇ ಮಾಡಬೇಕು. ಅಂದರೆ ಮತ್ತೆ ಬಣ್ಣ ಹಚ್ಚಿಕೊಂಡು, ಇಲ್ಲಿ ನಿಲ್ಲಿ ಅಲ್ಲಿ ನೋಡಿ ಎಂದವರ ಮಾತು ಕೇಳಬೇಕು. ಸಹಿ ಹಾಕಿಬಿಟ್ಟಿದ್ದೇನೆ.

ಎರಡು ವರ್ಷದ ಹಿಂದೆ ನಿನ್ನ ಕಿವಿಯ ಸಂಗತಿ ನಮಗೆಲ್ಲ ತಿಳಿದ ಮೇಲೆ ಫೋನಿನಲ್ಲಿ ಬಡಬಡಿಸುವುದು ಬಿಟ್ಟಿದ್ದೇನೆ. ಮೊಬೈಲಿನಲ್ಲಿ ಬರೆದರೆ ಇರುವೆ ಸಾಲು ಎನ್ನುತ್ತೀಯ. ಆದ್ದರಿಂದ ಕಾಗದ. ಕಥೆ ಏನೆಂದು ಕೇಳುತ್ತೀಯಲ್ಲ, ಒಬ್ಬ ಟೀಚರ ಕಥೆ. ಇನ್ನೂ ಹೇಳಿದರೆ ರುಚಿ ಕೆಡುತ್ತದೆ.

ಸತ್ತೂ ಬದುಕಿರುವ,
ನಿನ್ನ ಅರಳು


ಮಾರ್ಚ್ 15

ಅರಳೂ,

ನಿನ್ನ ಸಾವಿನ ಸುದ್ದಿ ತಲುಪಿತು. ಸಂತೋಷವಾಯಿತು. ಕಾಗದಕ್ಕಿಂತ ಮೊದಲೇ ಟಿವಿಯಲ್ಲಿ ನೋಡಿದ್ದೆವು. ನಿನ್ನ ಚಿಕ್ಕಮ್ಮ ಎಂದಿನಂತೆ ಸ್ಲೇಟು ಹಿಡಿದು ನನ್ನ ಪಕ್ಕ ಕೂತಿದ್ದಳು. ಟಿವಿಯವರು ಆಡಿದ್ದನ್ನು ನನಗೆ ಬರೆದು ತೋರಿಸುವ ಹೊಣೆ ಅವಳದಲ್ಲವೇ? ಅರ್ಧ ಗಂಟೆಯ ಕಂತಿಗೆ ಅವಳು ಬರೆದದ್ದು ಇಷ್ಟು: "ಬಿದ್ದಳು. ಸತ್ತಳು. ಒಳ್ಳೇದಾಯ್ತು." ಶಾಲೆಯಲ್ಲಿ ಇವಳ ಉತ್ತರಗಳೂ ಹೀಗೇ ಇದ್ದವು. ಅದಕ್ಕೇ ಮೂರು ಸಲ ಒಂದೇ ಕ್ಲಾಸಿನಲ್ಲಿ ಕೂತದ್ದು. ಈ ಮಾತನ್ನು ಅವಳಿಗೆ ಓದಿ ಹೇಳಬೇಡ. ಹೇಗಿದ್ದರೂ ಅಂಚೆಗೆ ಹಾಕುವ ಮುಂಚೆ ಕದ್ದು ಓದುತ್ತಾಳೆ.

ಸಾಯುವಾಗ ನೀನು ಅಷ್ಟು ಕಣ್ಣು ಬಿಡಬೇಕಾಗಿರಲಿಲ್ಲ.

ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ನಿರ್ದೇಶಕರು ನಿಜಕ್ಕೂ ಏನು ಮಾಡುತ್ತಾರೆ? ನಟಿಸುವುದು ನಟರು, ಹಿಡಿಯುವುದು ಕ್ಯಾಮೆರಾದವನು, ಬರೆದದ್ದು ಆಗಲೇ ಬರೆದಾಗಿದೆ. ಹಾಗಾದರೆ ಉಳಿದ ಕೆಲಸ ಯಾವುದು? ಅವರಿಗೆ ಅಂತ ಒಂದು ಕುರ್ಚಿ ಇರುತ್ತದಂತೆ, ಅದರಲ್ಲಿ ಬೇರೆಯವರು ಕೂತರೆ ಏನಾಗುತ್ತದೆ? ಇನ್ನೊಂದು ಬಹಳ ದಿನದಿಂದ ಕೇಳಬೇಕೆಂದಿದ್ದೆ. ನಾನು ತುಟಿ ನೋಡಿ ಮಾತು ತಿಳಿಯುತ್ತೇನೆಂದು ನಿನಗೆ ಗೊತ್ತಲ್ಲ? ಎದುರು ಮನೆಯ ಗಂಡ ಹೆಂಡತಿ ತಮ್ಮ ಜಗಳ ಊರಿಗೆಲ್ಲ ಕೇಳಿಸುತ್ತದೆಂದು ದಪ್ಪ ಗಾಜಿನ ಕಿಟಕಿ ಹಾಕಿಸಿಕೊಂಡರು. ಈಗ ಅದು ನನಗೊಬ್ಬಳಿಗೇ ಕೇಳಿಸುತ್ತದೆ. ಆದರೆ ಟಿವಿಯಲ್ಲಿ ಈ ವಿದ್ಯೆ ನಡೆಯುವುದಿಲ್ಲ. ಒಬ್ಬಳು ಮಾತಾಡಲು ಬಾಯಿ ತೆರೆದಳೋ ಇಲ್ಲವೋ, ನೀವು ಕೇಳುವವರ ಮುಖಕ್ಕೆ ಹೋಗಿಬಿಡುತ್ತೀರಿ. ಅದೂ ಒಂದೇ ಮುಖಕ್ಕೆ ಮೂರು ಸಲ. ಮಾತಾಡುವವರನ್ನು ಬಿಟ್ಟು ಓಡುವ ಈ ಅವಸರ ಯಾಕೆ?

ಆ ಟೀಚರು ಯಾವ ವಿಷಯ ಹೇಳಿಕೊಡುತ್ತಾಳೆ? ಅದನ್ನು ನೀನು ಬರೆಯಲಿಲ್ಲ.

ಚೆನ್ನಾಗಿ ತಿನ್ನು. ಬದುಕಿರುವವರಿಗೆ ಹಸಿವಾಗುತ್ತದೆ.

ಅಮ್ಮ


ಏಪ್ರಿಲ್ 22

ಅಮ್ಮ,

ಕುರ್ಚಿ ಇದೆ. ಮಡಚುವ ಕುರ್ಚಿ, ಒಂದು ಕಾಲು ಕುಂಟು. ಅದರಲ್ಲಿ ಕೂರಲು ನನಗೆ ಪುರುಸೊತ್ತೇ ಇಲ್ಲ, ಆದ್ದರಿಂದ ಎಲ್ಲರೂ ಕೂರುತ್ತಾರೆ, ಏನೂ ಆಗುವುದಿಲ್ಲ.

ನಿರ್ದೇಶಕಿ ಏನು ಮಾಡುತ್ತಾಳೆ ಎಂದು ಕೇಳಿದೆ. ದಿನವಿಡೀ ಉತ್ತರ ಹೇಳುತ್ತಾಳೆ. ಕಪ್ಪು ಹಲಗೆ ಹಳೆಯದಿರಬೇಕೋ ಹೊಸದೋ? ಮುಖ್ಯೋಪಾಧ್ಯಾಯರ ಅಂಗಿ ತೋಳು ಮಡಚಿರಲೋ ಬೇಡವೋ? ಜವಾನ ಗಂಟೆಯನ್ನು ಎಡಗೈಯಲ್ಲಿ ಬಾರಿಸಲೋ ಬಲಗೈಯಲ್ಲೋ? ಮೊದಲ ದಿನ ನನಗೆ ಗೊತ್ತಿಲ್ಲ ಎಂದು ಒಂದು ಸಲ ಹೇಳಿದೆ, ನೋಡು, ಇಡೀ ಅಂಗಳ ನಿಂತುಹೋಯಿತು. ಅಂದಿನಿಂದ ಗೊತ್ತಿಲ್ಲದಿದ್ದರೂ ಬಲಗೈ ಎನ್ನುತ್ತೇನೆ.

ಒಂದು ವಿಚಿತ್ರ ಹೇಳುತ್ತೇನೆ. ನನ್ನ ಬಾಯಲ್ಲಿ "ಕಟ್" ಬರುವುದಿಲ್ಲ. ಇಷ್ಟು ವರ್ಷ ಇನ್ನೊಬ್ಬರು ಹೇಳಲಿ ಎಂದು ಕಾದ ಮಾತಲ್ಲವೇ? ಮೊದಲ ದೃಶ್ಯ ಮುಗಿಯಿತು, ಮಾತುಗಳು ಮುಗಿದವು, ನಾನು ಕಾಯುತ್ತ ನಿಂತೆ. ನಟರೂ ನಿಂತರು. ಮುಖ್ಯೋಪಾಧ್ಯಾಯರ ಪಾತ್ರದವರು ಬಹಳ ಹೊತ್ತು ಗಂಭೀರವಾಗಿ ಸೀಮೆಸುಣ್ಣ ಒರೆಸಿಕೊಂಡರು. ಆಮೇಲೆ ನನ್ನ ಸಹಾಯಕಿ ನನ್ನ ಪಕ್ಕೆಗೆ ತಿವಿದಳು. ಅವಳನ್ನು ಎಲ್ಲರೂ ಸೀಟಿ ಎನ್ನುತ್ತಾರೆ, ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆದರೆ ಬೀದಿಯ ಆಚೆ ಚಹಾ ಕುಡಿಯುತ್ತಿದ್ದವರೂ ಓಡಿಬರುತ್ತಾರೆ.

ಇನ್ನೊಂದು ಕೇಳಿ ನೀನು ನಗುತ್ತೀಯ. ನಟರು ಮಾತಾಡುವಾಗ ನನ್ನ ತುಟಿಯೂ ಜೊತೆಯಲ್ಲೇ ಅಲ್ಲಾಡುತ್ತದಂತೆ. ಒಬ್ಬರದಲ್ಲ, ಎಲ್ಲರದೂ. ಟೀಚರ ಮಾತಿಗೆ ಟೀಚರ ಹಾಗೆ, ಜವಾನನ ಮಾತಿಗೆ ಜವಾನನ ಹಾಗೆ. ನನಗೆ ಗೊತ್ತೇ ಇರಲಿಲ್ಲ. ಮೂರನೆಯ ದಿನ ಧ್ವನಿ ಹಿಡಿಯುವವರು ಕಿವಿಗೆ ಹಾಕಿದ್ದ ಹೆಡ್‌ಫೋನು ಕಿತ್ತು ಬಂದು, "ಮೇಡಂ, ಪ್ರತಿ ಮಾತಿನ ಹಿಂದೆ ಒಂದು ದೆವ್ವ ಪಿಸುಗುಡ್ತಿದೆ" ಎಂದರು. ಹುಡುಕಿದರೆ ದೆವ್ವ ನಾನೇ. ನನ್ನ ಪಿಸುಮಾತು ಧ್ವನಿಯಲ್ಲಿ ಸೇರಿಹೋಗಿ ಎರಡು ದೃಶ್ಯ ಮತ್ತೆ ತೆಗೆಯಬೇಕಾಯಿತು. ಈಗ ಅವರು ನನಗೊಂದು ಪೆನ್ಸಿಲ್ ಕೊಟ್ಟಿದ್ದಾರೆ. ದೃಶ್ಯ ಶುರು ಎಂದು ಸೀಟಿ ಹೊಡೆದ ಕೂಡಲೇ ಹಲ್ಲಿನಲ್ಲಿ ಅಡ್ಡಡ್ಡ ಕಚ್ಚಿಕೊಳ್ಳಬೇಕು. ಬರೆಯುವ ಪೆನ್ಸಿಲ್‌ಗಳು ಸಾಲದಾಗಿವೆ, ಎಲ್ಲದರ ಮೇಲೂ ನನ್ನ ಹಲ್ಲಿನ ಗುರುತು.

ಟೀಚರ ಪಾತ್ರಕ್ಕೆ ಒಬ್ಬ ರಂಗನಟಿ ಸಿಕ್ಕಿದ್ದಾಳೆ. ಅವಳಿಗೆ ಕ್ಯಾಮೆರಾ ಹೊಸದು, ಆದರೆ ಎಷ್ಟು ಬೇಗ ಕಲಿಯುತ್ತಾಳೆ ಗೊತ್ತೇ! ನಾನು ಒಂದು ಸಲ ಮಾಡಿ ತೋರಿಸಿದರೆ ಸಾಕು, ಹಾಗೇ ಮಾಡುತ್ತಾಳೆ. ಅವಳೊಬ್ಬಳೇ ಅಲ್ಲ, ಎಲ್ಲರಿಗೂ ಮಾಡಿ ತೋರಿಸುತ್ತೇನೆ. ನನಗೆ ಯಾವ ನಿರ್ದೇಶಕರೂ ಹೀಗೆ ತೋರಿಸಿರಲಿಲ್ಲ.

ಕೆಲಸ ಕರೆಯುತ್ತಿದೆ, ಜನರೇಟರು ನಿಂತುಹೋಗಿದೆಯಂತೆ.

ನಿನ್ನ ಅರಳು


ಮೇ 9

ಅರಳೂ,

ಪೆನ್ಸಿಲ್ ಸಂಗತಿ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಚಿಕ್ಕವಳಿದ್ದಾಗ ಅರಳು ಹುರಿದ ಹಾಗೆ ಮಾತಾಡುತ್ತಿದ್ದೆ ಎಂದೇ ನಿನಗೆ ಅರಳು ಎಂದು ಹೆಸರಿಟ್ಟದ್ದು. ನಿನ್ನ ಬಾಯಿಗೆ ಬೀಗ ಹಾಕಲು ನನ್ನಿಂದ ಆಗಲಿಲ್ಲ, ನಿಮ್ಮ ಅಪ್ಪನಿಂದ ಆಗಲಿಲ್ಲ. ಆ ಧ್ವನಿಯ ಮಹಾನುಭಾವರಿಗೆ ನನ್ನ ನಮಸ್ಕಾರ ಹೇಳು.

ಎಲ್ಲಕ್ಕೂ ಬಲಗೈ ಎನ್ನುತ್ತೀಯಲ್ಲ, ಅದು ಸರಿ. ದೊಡ್ಡ ತರಗತಿಗೆ ಹೊಸದಾಗಿ ಪಾಠಕ್ಕೆ ಹೋದಾಗ ನಾನೂ ಹಾಗೇ ಮಾಡುತ್ತಿದ್ದೆ. ಯಾವ ಮಗು ಯಾವ ನದಿ ಕೇಳಿದರೂ ಪೂರ್ವಕ್ಕೆ ಹರಿಯುತ್ತದೆ ಎನ್ನುತ್ತಿದ್ದೆ. ಮನೆಗೆ ಬಂದು ಪುಸ್ತಕ ತೆರೆದು, ಮರುದಿನ ಬೇಕಾದ ನದಿಗಳನ್ನು ಪಶ್ಚಿಮಕ್ಕೆ ತಿರುಗಿಸುತ್ತಿದ್ದೆ.

ನೀನು ಎರಡನೆಯ ಸಲವೂ ಉತ್ತರ ಕೊಡಲಿಲ್ಲ. ಟೀಚರು ಯಾವ ವಿಷಯ ಹೇಳಿಕೊಡುತ್ತಾಳೆ? ನಾನು ನಿವೃತ್ತಳಾಗಿರಬಹುದು, ಉತ್ತರ ಪತ್ರಿಕೆಯಲ್ಲಿ ಬಿಟ್ಟುಹೋದ ಉತ್ತರ ಈಗಲೂ ಕಣ್ಣಿಗೆ ಬೀಳುತ್ತದೆ. ನನಗೆ ಕುತೂಹಲ, ಅಷ್ಟೇ.

ಅಮ್ಮ


ಜೂನ್ 18

ಅಮ್ಮ,

ಭೂಗೋಳ.

ಅವಳು ಭೂಗೋಳ ಹೇಳಿಕೊಡುತ್ತಾಳೆ. ಅವಳಿಗೆ ಕಿವಿ ಕೇಳಿಸುವುದು ನಿಧಾನಕ್ಕೆ ನಿಲ್ಲುತ್ತಿದೆ. ಅದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಪಾಠ ಮಾಡುತ್ತಾಳೆ, ಮನೆ ನಡೆಸುತ್ತಾಳೆ, ಮಗಳಿಗೂ ತಿಳಿಯುವುದಿಲ್ಲ. ನಿನ್ನನ್ನು ಕೇಳದೆ ಬರೆದೆ. ಕೇಳಿದರೆ ಬೇಡ ಎನ್ನುತ್ತೀಯ ಎಂದು ಹೆದರಿ ಕೇಳಲಿಲ್ಲ. ಮೂರು ಕಂತಿನ ಡಿಸ್ಕ್ ಈ ಕಾಗದದ ಜೊತೆಗಿದೆ. ನೋಡು. ನಿಲ್ಲಿಸು ಎಂದರೆ ನಿಲ್ಲಿಸುತ್ತೇನೆ, ಇದು ಬಾಯಿಮಾತಲ್ಲ.

ನೀನು ಹೇಳುವ ಮೊದಲೇ ಅದು ನಿಂತರೂ ನಿಂತೀತು. ಹೇಗೆಂದು ಕೇಳು. ಸಂಕಲನದ ಕೋಣೆಯಲ್ಲಿ ನಮ್ಮ ಸಂಕಲನಕಾರರ ಜೊತೆ ಕೂತಿದ್ದೆ. ಕಡಿಮೆ ಮಾತಿನ ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ತುಣುಕುಗಳನ್ನು ಕತ್ತರಿಸುತ್ತಲೇ ಇದ್ದರು. ಆಮೇಲೆ, "ಒಂದು ತೋರಿಸ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದು ಮೂರು ತುಣುಕು ಪಕ್ಕಪಕ್ಕಕ್ಕೆ ಜೋಡಿಸಿದರು. ಟೀಚರು ಗದ್ದ ಎತ್ತಿ, ಒಂದು ಉಸಿರು ತಡೆದು, ಎಡಕ್ಕೆ ನೋಡಿ ಮಾತಾಡಿದಳು. ಮುಖ್ಯೋಪಾಧ್ಯಾಯರು ಗದ್ದ ಎತ್ತಿ, ಉಸಿರು ತಡೆದು, ಎಡಕ್ಕೆ ನೋಡಿ ಮಾತಾಡಿದರು. ಗಂಟೆ ಬಾರಿಸುವ ಜವಾನನೂ ಗದ್ದ ಎತ್ತಿದ. ಅಮ್ಮ, ಅದು ನನ್ನ ಅತ್ತೆ! ಮೆಟ್ಟಿಲಿನಿಂದ ಉರುಳಿಸಿ ಕೊಂದ ಅತ್ತೆ ಇಡೀ ಶಾಲೆಯಲ್ಲಿ ಎದ್ದು ಓಡಾಡುತ್ತಿದ್ದಾಳೆ. ನಾನು ಮಾಡಿ ತೋರಿಸಿದ್ದೆನಲ್ಲ, ಒಬ್ಬೊಬ್ಬರೂ ವಿಧೇಯರಾಗಿ ನನ್ನನ್ನೇ ಮಾಡಿದ್ದಾರೆ.

ಚಾನೆಲ್ಲಿನ ದೊಡ್ಡವರಿಗೆ ತೋರಿಸುವ ದಿನ ಮುಂದೆ ಹಾಕಲು ಆಗಲಿಲ್ಲ. ಅವರು ನೋಡಿದರು, ಕನ್ನಡಕ ತೆಗೆದರು. "ಎಲ್ಲಾ ಪಾತ್ರಾನೂ ನೀವೇ ಮಾಡಿದೀರಲ್ಲ ಮೇಡಂ. ಇದರ ಬದಲು ಎದುರಿಗೆ ಬಂದು ಒಂದು ಪಾತ್ರ ಮಾಡಿಬಿಡಿ, ಎಲ್ಲರಿಗೂ ಸುಖ" ಎಂದರು. ಕುಹಕವಿರಲಿಲ್ಲ, ಕರುಣೆಯಿತ್ತು. ಅದೇ ಹೆಚ್ಚು ಉರಿಯಿತು. ಕಾಡಿ ಬೇಡಿ ಒಂದು ಅವಕಾಶ ಪಡೆದಿದ್ದೇನೆ. ಆಗಸ್ಟಿನೊಳಗೆ ಮೊದಲ ಕಂತನ್ನು ಮತ್ತೆ ತೆಗೆಯಬಹುದು. ಕೊನೆಯ ದೃಶ್ಯ ತೆಗೆಯುವ ದಿನ ಅವರೇ ಬಂದು ನೋಡುತ್ತಾರೆ. ಅಂದು ಹಿಡಿಸದಿದ್ದರೆ ನಾನು ಕುರ್ಚಿಯಿಂದ ಎದ್ದು ಬಣ್ಣದ ಕೋಣೆಗೆ ಹೋಗಬೇಕು.

ಹೇಗೆ ಮಾಡುವುದೆಂದು ನನಗೆ ಗೊತ್ತಿಲ್ಲ. ಮಾಡಿ ತೋರಿಸುವುದೊಂದೇ ನನಗೆ ಬರುವ ವಿದ್ಯೆ.

ನಿನ್ನ ಉತ್ತರಕ್ಕೆ ಕಾಯುವ,
ಅರಳು


ಜೂನ್ 30

ಮಗಳೇ,

ನಾನು ಚಿಕ್ಕಮ್ಮ. ಡಿಸ್ಕ್ ಬಂತು. ಅಕ್ಕ ನೋಡಿದಳು. ಮತ್ತೆ ನೋಡಿದಳು. ಸ್ಲೇಟು ಬೇಡ ಅಂದಳು. ಮೂರು ದಿನದಿಂದ ಮಾತಿಲ್ಲ. ಕಿವಿ ಕೇಳಿಸದ ಮೌನ ಅಲ್ಲ, ಇನ್ನೊಂದು. ಊಟ ಚೆನ್ನಾಗಿ ಮಾಡುತ್ತಿದ್ದಾಳೆ. ನಾನು ಒಂದೇ ಕ್ಲಾಸಿನಲ್ಲಿ ಕೂತದ್ದು ಎರಡು ಸಲ, ಮೂರಲ್ಲ.

ಚಿಕ್ಕಮ್ಮ


ಜುಲೈ 11

ಅರಳೂ,

ಮೊದಲು ಕೋಪ ಬಂತು. ನನ್ನ ಗುಟ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ ನನಗೇ ಅಂಚೆಯಲ್ಲಿ ಕಳಿಸಿದ್ದೀಯಲ್ಲ ಎಂದು. ಎರಡನೆಯ ಸಲ ನೋಡಿದಾಗ ಕೋಪ ಬೇರೆ ಕಡೆ ತಿರುಗಿತು. ಗುಟ್ಟು ನನ್ನದು, ಸರಿ. ಆದರೆ ಅದನ್ನು ನಿನ್ನ ಟೀಚರು ಬಚ್ಚಿಡುತ್ತಿರುವುದು ಇಷ್ಟು ಕೆಟ್ಟದಾಗಿಯೇ?

ಆ ಹುಡುಗಿ ಮಾತುಮಾತಿಗೆ ಕಿವಿಯ ಹತ್ತಿರ ಕೈ ಒಯ್ಯುತ್ತಾಳೆ, ತಲೆ ವಾಲಿಸುತ್ತಾಳೆ, ಪಾಪದ ಮುಖ ಮಾಡುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹಾಗೆ ಮಾಡಿದ್ದರೆ ಒಂದು ವಾರದಲ್ಲಿ ಸಿಕ್ಕಿಬೀಳುತ್ತಿದ್ದೆ. ಅದನ್ನು ತೋರಿಸಿಕೊಟ್ಟದ್ದು ನೀನೇ ಇರಬೇಕು. ನಾನು ಎಷ್ಟು ವರ್ಷ ನಿಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದೆ, ಹೇಗೆ ಎಂದು ಯಾರೂ ಕೇಳಲೇ ಇಲ್ಲ. ಅಯ್ಯೋ ಪಾಪ ಎಂದಿರಿ, ವೈದ್ಯರ ಹತ್ತಿರ ಕರೆದುಕೊಂಡು ಹೋದಿರಿ. ಕೇಳಿದ್ದರೆ ಹೇಳುತ್ತಿದ್ದೆ. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇದೆ.

ಈಗ ಕೇಳು. ಕೇಳಿಸದವಳು ಸುಮ್ಮನಿರುವುದಿಲ್ಲ, ಹೆಚ್ಚು ಮಾತಾಡುತ್ತಾಳೆ. ಬೇರೆಯವರಿಗೆ ಬಾಯಿ ತೆರೆಯಲು ಬಿಟ್ಟರೆ ತಾನೇ ತೊಂದರೆ? ಸ್ಟಾಫ್ ರೂಮಿನಲ್ಲಿ ನನಗೆ ಗಿರಣಿ ಎಂದು ಅಡ್ಡಹೆಸರು ಬಿದ್ದಿತ್ತು. ಯಾವಾಗಲೂ ನಗುತ್ತಿದ್ದೆ, ಎಲ್ಲರೂ ನಕ್ಕ ಮೇಲೆ ಅರ್ಧ ಉಸಿರು ತಡವಾಗಿ. ಅದನ್ನು ಯಾರೂ ಗಮನಿಸಲಿಲ್ಲ. ಇನ್ನು ತರಗತಿ. ಮಕ್ಕಳು ಬಾಯಲ್ಲಿ ಉತ್ತರ ಹೇಳುವ ಪ್ರಶ್ನೆಗಳನ್ನೇ ನಿಲ್ಲಿಸಿಬಿಟ್ಟೆ. ಗೋಡೆಯ ಮೇಲೆ ದೊಡ್ಡ ನಕ್ಷೆ, ಕೈಯಲ್ಲಿ ಕೋಲು. ಬಾ, ಮುಟ್ಟಿ ತೋರಿಸು. ಪರ್ವತ ಎಲ್ಲಿ, ಮರುಭೂಮಿ ಎಲ್ಲಿ, ಈ ಗಾಳಿ ಎಲ್ಲಿಂದ ಹೊರಟು ಎಲ್ಲಿ ಹೋಗಿ ಮಳೆ ಸುರಿಸುತ್ತದೆ, ಕೋಲಿನಲ್ಲಿ ಎಳೆದು ತೋರಿಸು. ತಪಾಸಣೆಗೆ ಬಂದ ಸಾಹೇಬರು ನೋಡಿ, "ಏನು ಹೊಸ ಪದ್ಧತಿ, ಮಕ್ಕಳನ್ನ ಎಬ್ಬಿಸಿ ಕಲಿಸ್ತಾರೆ!" ಎಂದು ಬೆನ್ನು ತಟ್ಟಿ ಹೋದರು. ಅಕ್ಕಪಕ್ಕದ ಶಾಲೆಯವರು ಕಲಿಯಲು ಬಂದರು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ, ನನ್ನ ತರಗತಿಯಲ್ಲಿ ಗೋಡೆಗೆ ಮಾತ್ರ ಇತ್ತು.

ಫೋನು ಒಂದೇ ಕಷ್ಟ. ಅಲ್ಲಿ ತುಟಿ ಇಲ್ಲ, ಕೋಲೂ ಇಲ್ಲ. ಅದಕ್ಕೊಂದು ಮಾತು ಕಂಡುಕೊಂಡಿದ್ದೆ. "ಆಯ್ತು, ಊಟ ಮಾಡು." ಹುಟ್ಟಿದ ಸುದ್ದಿಗೂ ನಡೆಯುತ್ತದೆ, ಸತ್ತ ಸುದ್ದಿಗೂ ನಡೆಯುತ್ತದೆ. ಯಾರೂ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ.

ನಿನ್ನ ಇನ್ನೊಂದು ಕಷ್ಟಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ಒಂದನೆಯ ತರಗತಿಗೆ ಅಕ್ಷರ ಕಲಿಸಿದೆ. ನನ್ನ ಕೈಬರಹದಲ್ಲಿ 'ಕ'ದ ಬಾಲ ಸ್ವಲ್ಪ ಸೊಟ್ಟ, ನೀನು ನೋಡಿದ್ದೀಯ. ವರ್ಷದ ಕೊನೆಗೆ ಮಕ್ಕಳ ಸ್ಲೇಟು ನೋಡಿದರೆ ಎಲ್ಲರ 'ಕ'ಕ್ಕೂ ನನ್ನ ಸೊಟ್ಟ ಬಾಲ. ಇಡೀ ತರಗತಿ ನನ್ನ ಕೈಯಲ್ಲಿ ಬರೆಯುತ್ತಿತ್ತು. ಮೊದಲು ಖುಷಿಯಾಯಿತು, ಆಮೇಲೆ ಹೆದರಿಕೆಯಾಯಿತು. ಮುಂದಿನ ವರ್ಷ ಬೋರ್ಡಿನ ಮೇಲೆ ಒಂದು ಸಲ ಬರೆದು ಅಳಿಸಿಬಿಡುತ್ತಿದ್ದೆ. ಆಮೇಲೆ ಕೈಕಟ್ಟಿ ನಿಂತು, ಅದು ಹೇಗಿತ್ತು ಎಂದು ಕೇಳುತ್ತಿದ್ದೆ. ಕೆಲವರು ಕೆಟ್ಟದಾಗಿ ಬರೆದರು, ಆದರೆ ಅವರವರ ಹಾಗೆ ಬರೆದರು. ನೀನೂ ಕೈಕಟ್ಟು. ಅದು ಕಷ್ಟ, ಗೊತ್ತಿದೆ. ನಿನಗಂತೂ ಇನ್ನೂ ಕಷ್ಟ.

ನಿಲ್ಲಿಸಬೇಡ. ಆದರೆ ಒಂದು ಷರತ್ತು. ಆ ಟೀಚರ ಕಣ್ಣಲ್ಲಿ ನೀರು ತರಿಸಬೇಡ. ನಾನು ಅಳಲಿಲ್ಲ. ನನಗೆ ಪುರುಸೊತ್ತಿರಲಿಲ್ಲ.

ಆ ಕೊನೆಯ ದೃಶ್ಯ ತೆಗೆಯುವ ದಿನ ನಾನೂ ಬಂದು ನೋಡಬಹುದೇ?

ಅಮ್ಮ


ಆಗಸ್ಟ್ 6

ಅಮ್ಮ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲು ನಕ್ಕೆ, ಆಮೇಲೆ ಅತ್ತೆ, ಆಮೇಲೆ ಎದ್ದು ಮೊದಲ ಕಂತನ್ನು ಪೂರ್ತಿ ಹರಿದುಹಾಕಿ ಮತ್ತೆ ಬರೆದೆ. ಈಗ ಟೀಚರ ಅಡ್ಡಹೆಸರು ಗಿರಣಿ. ನಕ್ಷೆ ಬಂದಿದೆ, ಕೋಲು ಬಂದಿದೆ. ಮಾತಾಡುವವರ ಮುಖ ಬಿಟ್ಟು ಓಡಬಾರದು ಎಂದು ಕ್ಯಾಮೆರಾದವರಿಗೆ ಹೇಳಿದ್ದೇನೆ. ಟೀಚರು ತುಟಿ ನೋಡುತ್ತಾಳಲ್ಲ, ನೋಡುವವರೂ ತುಟಿಯನ್ನೇ ನೋಡಲಿ. "ಇದು ಯಾರ ಐಡಿಯಾ ಮೇಡಂ?" ಎಂದರು. ಒಬ್ಬ ಹಿರಿಯ ಪ್ರೇಕ್ಷಕರದು ಎಂದೆ.

ಕೈಕಟ್ಟುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ನಟಿ ಎದುರಿಗೆ ನಿಂತು, "ಹೇಗೆ ಮಾಡ್ಲಿ ಮೇಡಂ? ಒಂದ್ಸಲ ತೋರ್ಸಿ" ಎಂದಳು. ನನ್ನ ಗದ್ದ ತಾನಾಗಿ ಏಳುತ್ತಿತ್ತು! ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. "ನೀನು ಯಾರಿಗೂ ಹೇಳದೆ ಬಚ್ಚಿಟ್ಟದ್ದು ಏನಾದ್ರೂ ಇರುತ್ತಲ್ಲ, ನನಗೆ ಹೇಳ್ಬೇಡ. ಅದನ್ನ ಬಚ್ಚಿಡೋಕೆ ಏನೇನು ಮಾಡ್ತಿದ್ದೆ, ಅದನ್ನ ಮಾಡು" ಎಂದೆ. ಅವಳು ನಕ್ಷೆಯ ಮುಂದೆ ಹೋಗಿ ಮಕ್ಕಳ ಪಾತ್ರದವರ ಮಧ್ಯೆ ಏನು ಗಲಗಲ ಮಾಡಿದಳೆಂದರೆ, ಅದು ನಾನಲ್ಲ, ನೀನೂ ಅಲ್ಲ. ಅವಳು ಯಾರೆಂದು ತಿಳಿಯಬೇಕು ಎನಿಸಿತು. ಇಷ್ಟು ವರ್ಷದಲ್ಲಿ ಇನ್ನೊಬ್ಬರ ನಟನೆ ನೋಡಿ ನನಗೆ ಹೀಗೆ ಎನಿಸಿದ್ದು ಇದೇ ಮೊದಲು.

ಎಲ್ಲವೂ ಸರಿಯಾಗಿಲ್ಲ. ಮುಖ್ಯೋಪಾಧ್ಯಾಯರು ಇನ್ನೂ ಆಗಾಗ ಗದ್ದ ಎತ್ತುತ್ತಾರೆ. ಕೊನೆಯ ದೃಶ್ಯ ಉದ್ದದ್ದು, ಒಂದೇ ಉಸಿರಿನಲ್ಲಿ ತೆಗೆಯಬೇಕು, ಮಧ್ಯೆ ನಿಲ್ಲಿಸುವ ಹಾಗಿಲ್ಲ. ಚಾನೆಲ್ಲಿನವರು ಅದೇ ದಿನ ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಾರೆ. ಅಂದರೆ ಒಂದು ದೃಶ್ಯದ ಮೇಲೆ ಎಲ್ಲವೂ ನಿಂತಿದೆ. ಹೆದರಿಕೆಯಾಗುತ್ತಿದೆ. ನೀನು ಬಾ. ಇದೇ ಇಪ್ಪತ್ತೊಂದಕ್ಕೆ. ಚಿಕ್ಕಮ್ಮನನ್ನೂ, ಸ್ಲೇಟನ್ನೂ ಕರೆದುಕೊಂಡು ಬಾ.

ಇನ್ನೊಂದು. ಆ ಅತ್ತೆ ಪಾತ್ರ ಒಪ್ಪಿಕೊಳ್ಳುವ ಮುಂಚೆ, ಒಂದು ಸಂಜೆ ನಿನಗೆ ಫೋನು ಮಾಡಿದ್ದೆ. ಒಂದು ಪ್ರಶ್ನೆ ಕೇಳಿದ್ದೆ. ನೀನು "ಆಯ್ತು, ಊಟ ಮಾಡು" ಎಂದೆ. ಮರುದಿನ ಬೆಳಗ್ಗೆ ಎದ್ದು ಅತ್ತೆಯಾಗಲು ಸಹಿ ಹಾಕಿದೆ. ಅದು ನಿನಗೆ ಕೇಳಿಸಿಯೇ ಇರಲಿಲ್ಲ ಎಂದು ಈಗ ಹನ್ನೊಂದು ವರ್ಷದ ಮೇಲೆ ತಿಳಿಯಿತು. ಪ್ರಶ್ನೆ ಏನೆಂದು ಕಾಗದದಲ್ಲಿ ಬರೆಯುವುದಿಲ್ಲ. ಬಂದಾಗ ಕೇಳುತ್ತೇನೆ.

ನಿನ್ನ ಅರಳು


ಆಗಸ್ಟ್ 24

ಅರಳೂ,

ಸುಖವಾಗಿ ಮನೆ ಸೇರಿದೆವು. ಬಸ್ಸಿನಲ್ಲಿ ನಿನ್ನ ಚಿಕ್ಕಮ್ಮ ಪಕ್ಕದವರಿಗೆಲ್ಲ ತಾನು ಶೂಟಿಂಗಿಗೆ ಹೋಗಿದ್ದ ಕಥೆ ಹೇಳಿದಳು. ಸ್ಲೇಟಿಗೆ ಮೂರು ಮಾತು ಬರೆಯುವವಳು ಬಾಯಲ್ಲಿ ಎಷ್ಟು ಉದ್ದ ಹೇಳುತ್ತಾಳೆಂದು ತುಟಿ ನೋಡಿ ಬೆರಗಾದೆ. ಅರ್ಧ ಸುಳ್ಳು.

ಈಗ ನಾನು ಕಂಡದ್ದನ್ನು ಬರೆಯುತ್ತೇನೆ. ಅಲ್ಲಿ ನಿನಗೆ ಬಿಡುವಿರಲಿಲ್ಲ, ಹೇಳಲು ಆಗಲಿಲ್ಲ.

ನೀವೆಲ್ಲ ನನ್ನನ್ನು ಆ ತರಗತಿಯ ಬಾಗಿಲ ಹತ್ತಿರ, ನಟರು ಕಾಣುವ ಹಾಗೆ ಕೂರಿಸಿದಿರಿ. ನೋಡಿದೆ. ನಕ್ಷೆ ನಮ್ಮದರ ಹಾಗೇ ಇತ್ತು, ಮಡಿಕೆ ಬಿದ್ದ ಜಾಗದಲ್ಲಿ ಒಂದು ಸಮುದ್ರ ಸವೆದಿತ್ತು. ಆದರೆ ಮೊದಲು ನಡೆದ ಅಭ್ಯಾಸದಲ್ಲಿ ನಟಿ ಮಕ್ಕಳ ಕಡೆ ತಿರುಗಿದರೆ ನನಗೆ ಬೆನ್ನು, ಮಕ್ಕಳು ನಕ್ಷೆಯ ಕಡೆ ತಿರುಗಿದರೆ ಅವರ ಬೆನ್ನು. ಒಂದು ಮಾತೂ ತಿಳಿಯಲಿಲ್ಲ. ಚಿಕ್ಕಮ್ಮ ಸ್ಲೇಟಿನಲ್ಲಿ "ಪಾಠ" ಎಂದು ಬರೆದು ತೋರಿಸಿದಳು. ಅಷ್ಟು ನನಗೂ ಕಾಣುತ್ತಿತ್ತು. ಆಗ ನಾನು ಕುರ್ಚಿ ತಿರುಗಿಸಿಕೊಂಡೆ. ನಟರಿಗೆ ಬೆನ್ನು ಹಾಕಿ, ನಿನಗೆ ಎದುರಾಗಿ ಕೂತೆ.

ನೀನು ಆ ಪುಟ್ಟ ಟಿವಿಯ ಮುಂದೆ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದೆ. ಹಿಂದೆ ಆ ಕನ್ನಡಕದ ದೊಡ್ಡವರು ಕೈಕಟ್ಟಿ ನಿಂತಿದ್ದರು. ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಅಲ್ಲಿ ನೋಡಮ್ಮ ಎನ್ನುವ ಹಾಗೆ ಹುಬ್ಬು ಹಾರಿಸಿದೆ. ನಾನು ನನ್ನ ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ನಿನ್ನ ಪೆನ್ಸಿಲ್ ತೆಗೆ ಎಂದು ಸನ್ನೆ ಮಾಡಿದೆ. ನಿನಗೆ ತಕ್ಷಣ ತಿಳಿಯಿತು, ಮುಖ ನೋಡಿದರೆ ಗೊತ್ತಾಯಿತು. ಆ ಸೀಟಿ ಹುಡುಗಿ ಎರಡು ಬೆರಳು ಬಾಯಲ್ಲಿ ಇಟ್ಟಳು. ಧ್ವನಿಯವರು ನಿನ್ನ ಕಡೆ ನೋಡಿ ಬೇಡ ಬೇಡ ಎಂದು ಕೈ ಆಡಿಸಿದರು. ನೀನು ಗಂಟಲಿಗೆ ಕೈ ಅಡ್ಡ ಇಟ್ಟು, ಸದ್ದು ಬರುವುದಿಲ್ಲ ಎಂದು ಅವರಿಗೆ ಸನ್ನೆ ಮಾಡಿ, ಪೆನ್ಸಿಲ್ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಅರಳೂ, ಆ ದೃಶ್ಯ ಪೂರ್ತಿ ನನಗೆ ಕೇಳಿಸಿತು. ಒಂದು ಮಾತೂ ಬಿಡದೆ. ಟೀಚರು ಗಿರಣಿಯ ಹಾಗೆ ಮಾತಾಡಿದ್ದು, ಮಳೆ ಎಲ್ಲಿಂದ ಬರುತ್ತದೆ ತೋರಿಸು ಎಂದದ್ದು, ಹಿಂದಿನ ಬೆಂಚಿನ ಮಗು ಮೆಲ್ಲಗೆ "ಟೀಚರ್, ನಿಮಗೆ ಕೇಳ್ಸಲ್ವಾ?" ಎಂದದ್ದು, ಅವಳು ಅದು ಕೇಳಿಸದೆ ನಕ್ಕದ್ದು, ಅರ್ಧ ಉಸಿರು ತಡವಾಗಿ. ಎಲ್ಲವನ್ನೂ ನಿನ್ನ ತುಟಿ ಹೇಳಿತು, ಒಬ್ಬೊಬ್ಬರದು ಒಂದೊಂದು ಥರ. ಎಷ್ಟೋ ವರ್ಷದ ಮೇಲೆ ಒಂದು ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ನೀನು ಯಾವ ಪಾತ್ರವನ್ನೂ ಮಾಡುತ್ತಿರಲಿಲ್ಲ, ಎಲ್ಲರ ಜೊತೆ ಇದ್ದೆ. ನಿರ್ದೇಶಕಿ ಏನು ಮಾಡುತ್ತಾಳೆ ಎಂದು ಮಾರ್ಚಿನಲ್ಲಿ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ಇನ್ನೊಂದು ಸುದ್ದಿ ಇದೆ. ಆ ದೊಡ್ಡವರು ನಿನಗೆ ತೀರ್ಪು ಹೇಳದೆ ಕಾರು ಹತ್ತಿದರಲ್ಲ? ಮುಂದಿನ ವಾರ ತಿಳಿಸುತ್ತೇವೆ ಎಂದರಂತೆ, ನೀನು ಮುಖ ಸಣ್ಣಗೆ ಮಾಡಿಕೊಂಡೆ. ಅವರು ಗಾಜು ಏರಿಸಿಕೊಂಡು ಒಳಗೆ ತಮ್ಮ ಜೊತೆಯವನಿಗೆ ಹೇಳಿದ್ದು ಇದು: "ಇವರನ್ನ ಆ ಕುರ್ಚಿಯಿಂದ ಎಬ್ಬಿಸೋದು ಬೇಡ. ಉಳಿದ ಹತ್ತೂ ಇವರೇ ಮಾಡ್ಲಿ." ಎದುರು ಮನೆಯವರ ಗಾಜಿಗಿಂತ ಅವರ ಕಾರಿನ ಗಾಜು ತಿಳಿ. ಕದ್ದು ಕೇಳಿದ್ದನ್ನು ಬಾಯಿಬಿಟ್ಟು ಹೇಳಬಾರದೆಂದು ಅಲ್ಲಿ ಸುಮ್ಮನಿದ್ದೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ಅವರು ತಿಳಿಸಿದಾಗ ನೀನು ಆಶ್ಚರ್ಯಪಟ್ಟ ಹಾಗೆ ನಟಿಸು. ಅಷ್ಟು ಕಣ್ಣು ಬಿಡಬೇಡ.

ಕೊನೆಗೆ ಒಂದು. ಆ ದೃಶ್ಯದ ಮಾತೆಲ್ಲ ಮುಗಿದ ಮೇಲೂ ಯಾರೂ ಅಲುಗಲಿಲ್ಲ, ನೀನು ಕಟ್ ಎನ್ನಲಿ ಎಂದು ಎಲ್ಲರೂ ಕಾಯುತ್ತಿದ್ದರು. ಆಗ ನೀನು ನನ್ನ ಕಡೆ ನೋಡಿದೆ. ನಿನ್ನ ತುಟಿ ಅಲ್ಲಾಡಿತು. ಅದು ಯಾವ ಪಾತ್ರದ ಮಾತೂ ಆಗಿರಲಿಲ್ಲ.

"ಅಮ್ಮಾ, ಬೇರೆಯವರು ಹೇಳಿದ ಹಾಗೆ ಕುಣಿದು ಸಾಕಾಗಿದೆ. ನಾನೇ ಒಂದು ನಾಟಕ ಮಾಡ್ಲಾ? ನನ್ನಿಂದ ಆಗುತ್ತಾ?"

ಆಮೇಲೆ ತಿರುಗಿ ಕಟ್ ಎಂದೆ, ಎಲ್ಲರೂ ಒಟ್ಟಿಗೆ ಅಲುಗಾಡಿದರು. ಚಹಾ ಕುಡಿಯುವಾಗ ನಾನು ಸ್ಲೇಟಿನಲ್ಲಿ "ಅಂದು ಫೋನಿನಲ್ಲಿ ಕೇಳಿದ್ದು ಇದೇನಾ?" ಎಂದು ಬರೆದೆ. ನೀನು ಹೌದೆಂದು ತಲೆ ಆಡಿಸಿ ಬೇಗ ಎದ್ದುಹೋದೆ. ನಾನು ಉತ್ತರ ಹೇಳಲೇ ಇಲ್ಲ.

ಈಗ ಹೇಳುತ್ತೇನೆ, ಪೂರ್ತಿ ಕೇಳಿಸಿಕೊಂಡ ಮೇಲೆ, ಪ್ರತಿ ಮಾತನ್ನೂ ತಿಳಿದು. ಮಾಡು ಅರಳೂ. ನಿನ್ನಿಂದ ಆಗುತ್ತೆ. ಅಂದೂ ಆಗುತ್ತಿತ್ತು.

ಆಯ್ತು, ಊಟ ಮಾಡು.

ಅಮ್ಮ